ಬೆಳಗಿನ ಜಾವ ನನಗಿರಲಿ

ಇಂದ್ರಮ್ಮ, ಮಗಳೇ,

ಕೆಂಗೇರಿಗೆ ಹೊರಟಿದ್ದೇನೆ, ಊಟದ ಹೊತ್ತಿಗೆ ಬರುತ್ತೇನೆ. ತುಳಸಿಗೆ ನೀರು ಹಾಕಿ ದೀಪ ಹಚ್ಚಿದ್ದಾಯಿತು. ಹಾಲು ಕಾಯಿಸಿ ಮುಚ್ಚಿದ್ದೇನೆ. ನೀನು ನಿದ್ದೆ ತಿಳಿದಾಗ ಏಳು.

ನಿಮ್ಮತ್ತೆ ತೀರಿಹೋದ ಮೇಲೆ ಅವಳ ಹಾಗೆಯೇ ಕೋಳಿ ಕೂಗುವ ಮೊದಲು ಏಳುತ್ತಿದ್ದೀಯೆ. ನಿನ್ನೆ ನೀನು ಒಲೆಯ ಮುಂದೆ ತೂಕಡಿಸಿ ಸೆರಗು ಸುಟ್ಟುಕೊಂಡೆ. ದೇವರ ದಯೆ, ಮೈ ಉಳಿಯಿತು. ಇನ್ನು ಬೇಡ. “ಈ ಹುಡುಗಿಗೆ ಸಂಜೆ ಆದ್ಮೇಲೇ ಕಣ್ರೀ ಜೀವ ಬರೋದು” ಎಂದು ಅವಳೇ ನಗುತ್ತಿದ್ದಳು. ಸಂಜೆಯ ಪೂಜೆ ನೀನು ಮಾಡು. ಸ್ವಾಮಿಗೆ ಅದೂ ಸಲ್ಲುತ್ತದೆ.

ಬೆಳಗಿನ ಜಾವವನ್ನು ನನಗೆ ಬಿಡು. ಅರೆನಿದ್ದೆಯ ಆ ಹೊತ್ತಿನಲ್ಲಿ ಅಡಿಗೆಮನೆಯಿಂದ ಅವಳು ಮಜ್ಜಿಗೆ ಕಡೆಯುವ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ನೀನು ಎದ್ದು ಪಾತ್ರೆ ಮುಟ್ಟಿದರೆ ಅದು ನಿಂತುಹೋಗುತ್ತದೆ.

ನಿನ್ನ ಮಾವ