ಎಲ್ಲರಿಗೂ ತೆರೆದ ಸಭಾಂಗಣ

ಥಾರ್ನ್‌ಬೆಕ್, ಲ್ಯಾಂಕಷೈರ್
೧೪ ಜೂನ್ ೧೮೬೮

ಪ್ರಿಯ ಸೈಲಸ್,

ನೀನೂ ಮನೆಯವರೂ ಫಿಲಡೆಲ್ಫಿಯಾದಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಕ್ರಿಸ್ಮಸ್‌ಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬಯ್ಯಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ನಾನು ಮಾಡಿದ್ದು ಸರಿ ಅಂತ ಬರೆದಿದ್ದೆ, ಇನ್ನೊಂದರಲ್ಲಿ ತಪ್ಪು ಅಂತ. ಇದರಲ್ಲಿ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಇಲ್ಲಿ ಗಿರಣಿಗಳು ಮತ್ತೆ ಓಡುತ್ತಿವೆ. ಚುನಾವಣೆ ಬರುತ್ತಿರುವುದರಿಂದ ನನ್ನ ಅಚ್ಚುಕೂಟಕ್ಕೆ ಕೈತುಂಬ ಕೆಲಸ. ನನ್ನಾಕೆ ಹೆಫ್ಸಿಗೆ ಮಂಡಿ ನೋವು, ಆದರೆ ನಾಲಿಗೆಗೆ ಏನೂ ಆಗಿಲ್ಲ. ಮಗಳು ಲೆಟಿಸ್ ಮಗ್ಗ ಬಿಟ್ಟಿದ್ದಾಳೆ. ಅವಳು ಐರಿಷ್ ಹುಡುಗ ಫಿಂಟನ್ ಡೆವ್ಲಿನ್‌ನನ್ನು ಮದುವೆಯಾದಾಗ ನಾನು ಕ್ಯಾಥೊಲಿಕ್ ಚರ್ಚಿನ ಮೊದಲ ಬೆಂಚಿನಲ್ಲೇ ಕೂತಿದ್ದೆನೆಂದು ಬರೆದಿದ್ದೆನಲ್ಲ. ಪ್ರಾಟೆಸ್ಟೆಂಟರ ಊರಲ್ಲವೇ, ಆಡಿಕೊಂಡಿತು. ನಾನು ಹೆಮ್ಮೆಪಟ್ಟೆ.

ನಮ್ಮ ಸಭಾಂಗಣ ನಿನಗೆ ನೆನಪಿರಬೇಕು. ಸುಂಕ ಕಟ್ಟದ ಪತ್ರಿಕೆ ಮಾರಿದ್ದಕ್ಕೆ ನಾವಿಬ್ಬರೂ ಜೈಲಿಗೆ ಹೋಗಿ ಬಂದ ಮೇಲೆ ಜನರಿಂದ ಚಿಲ್ಲರೆ ಎತ್ತಿ ಕಟ್ಟಿದ್ದು ಅದು. ಬಾಗಿಲ ಮೇಲೆ ‘ಎಲ್ಲ ಅಭಿಪ್ರಾಯಗಳಿಗೂ’ ಎಂದು ಕೆತ್ತಿಸಲೇಬೇಕೆಂದು ಹಟ ಹಿಡಿದವನು ನೀನು. ಮಾರ್ಚ್‌ನಲ್ಲಿ ಕ್ರೌದರ್ ಎಂಬ ಉಪನ್ಯಾಸಕ ಆ ಸಭಾಂಗಣ ಕೇಳಿಕೊಂಡು ಬಂದ. ಊರೂರು ತಿರುಗಿ ಪೋಪನನ್ನೂ ಐರಿಷರನ್ನೂ ಬಯ್ಯುವುದೇ ಅವನ ಕಸುಬು.

ಐರಿಷ್ ಕೇರಿಯ ಪಾದ್ರಿ ಫಾದರ್ ಕಿಯೋ ಅಚ್ಚುಕೂಟಕ್ಕೇ ಬಂದು, “ಟ್ಯಾಟರ್ಸಲ್ ಅವರೇ, ಇವನಿಗೆ ಮಾತ್ರ ಕೊಡಬೇಡಿ” ಅಂದರು.

“ಫಾದರ್, ನಾಳೆ ನೀವು ಕೇಳಿದರೆ ನಿಮಗೂ ಕೊಡ್ತೀನಿ. ಅದೇ ಅಲ್ವಾ ನ್ಯಾಯ?”

“ನಮಗೆ ಸಭಾಂಗಣ ಬೇಡ ಸ್ವಾಮಿ. ಕಿಟಕಿ ಗಾಜು ಉಳಿದರೆ ಸಾಕು.”

ನಾನು ಕೊಟ್ಟೆ. ಸಭಾಂಗಣದ ಐವರು ಧರ್ಮದರ್ಶಿಗಳಲ್ಲಿ ಒಬ್ಬನಾಗಿ ಅಧ್ಯಕ್ಷರ ಕುರ್ಚಿಯಲ್ಲೂ ನಾನೇ ಕೂತೆ. ಕಾಲಿಡಲು ಜಾಗವಿರಲಿಲ್ಲ. ಕ್ರೌದರ್ ಮೇಜು ಗುದ್ದುತ್ತ, “ಆ ಕೇರಿಯ ಒಂದೊಂದು ಮನೇಲೂ ನಿಮ್ಮ ಕುತ್ತಿಗೆಗೆ ಕತ್ತಿ ಮಸೀತಿದ್ದಾರೆ!” ಎಂದ.

ಹಿಂದಿನ ಸಾಲಿನಿಂದ ಫಿಂಟನ್ ಎದ್ದು ನಿಂತ. “ನಮ್ಮನೇಲಿರೋದು ಒಂದೇ ಚಾಕು ಸ್ವಾಮೀ. ಬ್ರೆಡ್ ಕುಯ್ಯೋಕೂ ಆಗಲ್ಲ ಅದರಲ್ಲಿ. ನನ್ನ ಹೆಂಡ್ತಿ ದಿನಾ ಬಯ್ತಾಳೆ, ನೀವೇ ಬಂದು ಸ್ವಲ್ಪ ಮಸೆದುಕೊಡಿ!”

ಸಭೆ ಗೊಳ್ಳೆಂದು ನಕ್ಕಿತು. ಕ್ರೌದರನ ಮುಖ ಕೆಂಪಾಯಿತು. ನಾನು ಗಂಟೆ ಬಾರಿಸಿದೆ. “ಕೂತ್ಕೋ ಫಿಂಟನ್. ಪ್ರಶ್ನೆಗಳೆಲ್ಲ ಆಮೇಲೆ.” ನಿಯಮ ಹಾಗೇ ಇದೆಯಲ್ಲ, ನಾವೇ ಮಾಡಿದ್ದು. ಅವನು ಕೂತ. ನಗು ನಿಂತಿತು. ಆ ‘ಆಮೇಲೆ’ ಬರಲೇ ಇಲ್ಲ ಸೈಲಸ್. ಭಾಷಣ ಮುಗಿಯುವ ಮೊದಲೇ ಜನ ಹೋ ಎಂದು ಹೊರನುಗ್ಗಿ ಐರಿಷ್ ಕೇರಿಗೆ ಹೋದರು. ಬಾಗಿಲುಗಳನ್ನು ಒಡೆದರು, ಹಾಸಿಗೆಗಳನ್ನು ಬೀದಿಗೆಳೆದರು, ಚರ್ಚಿನ ಬೆಂಚುಗಳಿಗೆ ಬೆಂಕಿ ಇಟ್ಟರು. ನಾನು ಕೂತಿದ್ದ ಆ ಮೊದಲ ಬೆಂಚೂ ಬೂದಿಯಾಯಿತು. ಪ್ರಾಣ ಯಾರದೂ ಹೋಗಲಿಲ್ಲ.

ಒಂದು ತಿಂಗಳಿಗೆ ಕ್ರೌದರ್ ಮತ್ತೆ ಸಭಾಂಗಣ ಕೇಳಿದ. ಹೆಫ್ಸಿ ಸೌಟು ಹಿಡಿದೇ ನಿಂತಳು. “ಕೊಡು, ಕೊಡು. ಬಾಗಿಲ ಮೇಲೆ ಕೆತ್ತಿದ್ದೀರಲ್ಲ. ಕಲ್ಲಿಗೆ ನೋವಾಗಬಾರದು ನೋಡು!”

ಫಿಂಟನ್‌ನ ಮಾತು ಕೇಳೋಣವೆಂದು ಕೇರಿಯ ಅವರ ಮನೆಗೆ ಹೋದೆ. ಅವನು ಒಡೆದ ಬಾಗಿಲಿಗೆ ಇನ್ನೂ ಹಲಗೆ ಹೊಡೆಯುತ್ತಿದ್ದ. ಬೇಡ ಅನ್ನುತ್ತಾನೆಂದೇ ನಂಬಿದ್ದೆ. ಹಾಗಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಬಾಯಲ್ಲಿದ್ದ ಮೊಳೆ ತೆಗೆದು, “ಕೊಡಿ ಮಾವ,” ಅಂದ.

“ಏನಂದೆ?”

“ಇವತ್ತು ಅವನ ಬಾಯಿ ಕಟ್ಟೋಕೆ ಹಗ್ಗ ತಂದರೆ, ನಾಳೆ ಅದು ಯಾರ ಬಾಯಿಗೆ ಬೀಳುತ್ತೆ? ಹಗ್ಗ ಇರೋದು ಮ್ಯಾಜಿಸ್ಟ್ರೇಟರ ಕೈಲಿ, ನಮ್ಮ ಕೈಲಲ್ಲ. ಅವನು ಮಾತಾಡ್ಲಿ. ನಮ್ಮ ಬೀದಿ ತುದೀಲಿ ನಾಲ್ಕು ಪೊಲೀಸರನ್ನ ನಿಲ್ಸಿ, ಅಷ್ಟೆ. ಸರ್ಕಾರ ಅಂತ ಇರೋದು ಅದಕ್ಕೇ ಅಲ್ವಾ?”

ನಾವು ಜೈಲಿನಲ್ಲಿ ಆಡಿಕೊಂಡ ಮಾತೇ ಅದು. ಅವನ ಬಾಯಲ್ಲಿ ಕೇಳುವಾಗ ತಲೆದೂಗಬೇಕಿತ್ತು. ಬದಲಿಗೆ ಅವನ ಮೇಲೇ ಸಿಟ್ಟು ಬಂತು. ಯಾಕೆಂದು ಇನ್ನೂ ತಿಳಿದಿಲ್ಲ.

ಈ ಸಲ ನಾನೊಬ್ಬನೇ ತೀರ್ಮಾನಿಸದೆ ಧರ್ಮದರ್ಶಿಗಳ ಸಭೆ ಕರೆದೆ. ಇಬ್ಬರು ಕೊಡೋಣ ಅಂದರು, ಇಬ್ಬರು ಬೇಡ ಅಂದರು. ಉಳಿದವನು ನಾನು. ನನ್ನ ಕೈ ಕಿವಿಯವರೆಗೆ ಹೋಗಿ ಅಲ್ಲೇ ನಿಂತಿತು. “ಆಂಬ್ರೋಸ್, ಕೈ ಎತ್ತಿದ್ದೀಯೋ, ತಲೆ ಕೆರ್ಕೋತಿದ್ದೀಯೋ?” ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ನಾನು ಟೋಪಿ ತೆಗೆದುಕೊಂಡು ಎದ್ದುಬಂದೆ. ನನ್ನ ಮತವಿಲ್ಲದೆ ಕ್ರೌದರನ ಕೋರಿಕೆ ಬಿದ್ದುಹೋಯಿತು.

ಅವನೇನು ಸುಮ್ಮನಾದನೇ? ದನದ ಸಂತೆಯ ಬಯಲಲ್ಲಿ ಗಾಡಿಯ ಮೇಲೆ ನಿಂತು ಕಿರುಚಿ ಹೋದ. ಮಾರನೆಯ ದಿನ ಮ್ಯಾಜಿಸ್ಟ್ರೇಟರು, ಶಾಂತಿಗಾಗಿ ಚುನಾವಣೆಯವರೆಗೆ ಊರಲ್ಲಿ ಯಾವ ಸಭೆಯೂ ಕೂಡದೆಂದು ಡಂಗುರ ಸಾರಿಸಿದರು. ಮೊದಲು ನಿಂತದ್ದು ಯಾವ ಸಭೆ ಗೊತ್ತೇ? ಚರ್ಚು ರಿಪೇರಿಗೆಂದು ಫಾದರ್ ಕಿಯೋ ಕರೆದಿದ್ದ ಸಭೆ. ಫಿಂಟನ್ ನನ್ನನ್ನು ನೋಡಿ ಭುಜ ಕುಣಿಸಿದ. ಆ ಆಜ್ಞೆಯನ್ನು ವಿರೋಧಿಸಿ ನಾನು ಕರಪತ್ರ ಅಚ್ಚು ಹಾಕಿದೆ. ಐರಿಷರು ಅದನ್ನು ಓದಲಿಲ್ಲ, ಕ್ರೌದರನ ಕಡೆಯವರು ನನ್ನ ಬೆನ್ನು ತಟ್ಟಿದರು. ಆ ಬೆನ್ನನ್ನು ಏನು ಮಾಡಲಿ, ಹೇಳು.

ಅಲ್ಲಿ ನಿಮ್ಮಲ್ಲಿ ಇಂಥದ್ದಾದಾಗ ಏನು ಮಾಡುತ್ತೀರಿ? ಮಾತಿಗೂ ಕಲ್ಲೇಟಿಗೂ ನಡುವೆ ಗೆರೆ ಇದೆಯೆಂದು ನಾವು ಅಷ್ಟು ಖಚಿತವಾಗಿ ಹೇಳುತ್ತಿದ್ದೆವಲ್ಲ, ಅದು ಎಲ್ಲಿತ್ತು? ನಿನಗೆ ತಿಳಿದರೆ ಬರೆ. ಬುದ್ಧಿವಾದ ಬೇಡ, ನಿನಗೆ ಅನ್ನಿಸಿದ್ದನ್ನು ಬರೆ.

ಫಿಂಟನ್ ಮತ್ತು ಲೆಟಿಸ್ ಇಲ್ಲಿನ ಮನೆ ಬಿಡುತ್ತಿದ್ದಾರೆ. ಲಿವರ್‌ಪೂಲ್‌ನಿಂದ ಹೊರಡುವ ಹಡಗಿನಲ್ಲಿ ನಿಮ್ಮೂರಿಗೇ ಬರುತ್ತಾರೆ. ಅವನಿಗೆ ಎಲ್ಲಾದರೂ ಕೆಲಸ ಹುಡುಕಿಕೊಡು, ಒಳ್ಳೆಯ ಹುಡುಗ. ನಿನ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ದೇವರು ತಣ್ಣಗೆ ಇಟ್ಟಿರಲಿ.

ನಿನ್ನ ಹಳೆಯ ಜೈಲುಸಂಗಾತಿ,
ಆಂಬ್ರೋಸ್ ಟ್ಯಾಟರ್ಸಲ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಜನ ಕೇರಿಗೆ ನುಗ್ಗಿದ ಆ ದಿನ ಒಡೆದ ಕಿಟಕಿಯ ಗಾಜು ಲೆಟಿಸ್‌ಳ ಬಲಗಣ್ಣಿಗೆ ಬಿತ್ತು. ದೃಷ್ಟಿ ಹೋಯಿತು. ಬಂದರಿನಲ್ಲಿ ಅವಳನ್ನು ನೋಡಿದಾಗ ಬೆಚ್ಚಬೇಡ. ನನಗೆ ಒಂದು ಮಾತೂ ಅಂದಿಲ್ಲ. ಭಾನುವಾರ ಊಟಕ್ಕೆ ಬರುತ್ತಾಳೆ, ಆಲೂಗಡ್ಡೆ ಬಡಿಸುತ್ತಾಳೆ. ಆದರೆ ನಾನು ಎಲ್ಲಿ ಕೂತರೂ ಅವಳು ಬಂದು ನನ್ನ ಎಡಕ್ಕೇ ಕೂರುತ್ತಾಳೆ, ಅಂದರೆ ನಾನು ಅವಳ ಬಲಕ್ಕೆ, ಆ ಕಾಣದ ಕಣ್ಣಿನ ಕಡೆಗೆ ಬರುವಂತೆ. ಮೊದಮೊದಲು ಆಕಸ್ಮಿಕ ಅಂದುಕೊಂಡೆ. ಹೋದ ಭಾನುವಾರ ನಾನೇ ಎದ್ದು ಆಚೆ ಬದಿಗೆ ಹೋಗಿ ಕೂತೆ. ಅವಳು ತಟ್ಟೆ ಎತ್ತಿಕೊಂಡು, ಸುತ್ತಿಬಂದು, ಮತ್ತೆ ನನ್ನ ಎಡಕ್ಕೆ ಕೂತು ಊಟ ಮುಂದುವರಿಸಿದಳು.