ಕಸದ ಗಾಡಿಯ ಸುದ್ದಿ

ಫೆಬ್ರವರಿ 3, ಸೋಮವಾರ

ಬುಲೆಟಿನ್ ಮತ್ತೆ ಲೇಟ್. ಮಾಗಡಿ ಬಸ್ ಸಿಗಲಿಲ್ಲ ಅಂತ ನಟರಾಜು ಹನ್ನೊಂದಕ್ಕೆ ಬಂದ. ದಿನಾ ಸಿಗದ ಬಸ್ಸು ಅದು. ಡಿಪಾರ್ಟ್‌ಮೆಂಟಿನ ಸ್ಟೋರ್ ರೂಮೇ ನಮ್ಮ ನ್ಯೂಸ್‌ರೂಮ್. ಮುರಿದ ಬೆಂಚು, ಒಂದು ಕಂಪ್ಯೂಟರ್, ಜರ್ನಲಿಸಂ ಎಂ.ಎ. ಓದೋ ನಾವು ಮೂರು ಜನ. ಮುಬಶ್ಶಿರಾ ಸುದ್ದಿ ಓದ್ತಾಳೆ, ನಟರಾಜು ಎಡಿಟ್ ಮಾಡ್ತಾನೆ, ಸಂಪಾದಕಿ ಅಂತ ಎಲ್ಲರ ಕೈಲೂ ಬೈಸಿಕೊಳ್ಳೋದು ನಾನು.

ಕೇಳೋರು ಮಾವಿನದೊಡ್ಡಿ ಜನ. ಮೊದಲು ಪೇಪರ್ ಹಂಚ್ತಿದ್ವಿ, ಬೋಂಡ ಕಟ್ಟೋಕೆ ಹೋಯ್ತು. ವಾಟ್ಸಾಪ್‌ಗೆ ಹಾಕಿದ್ರೆ ಗುಡ್ ಮಾರ್ನಿಂಗ್ ಹೂಗಳ ಕೆಳಗೆ ಮುಚ್ಚಿಹೋಗುತ್ತೆ. ಅದಕ್ಕೇ ಪಂಚಾಯ್ತಿ ಕಸದ ಗಾಡಿ ಹಿಡಿದಿದ್ದು. ಮಂಗಳವಾರ ಬೆಳಿಗ್ಗೆ ಕಸದ ಹಾಡು ಮುಗಿದ ಮೇಲೆ ಅದೇ ಮೈಕಲ್ಲಿ ಹತ್ತು ನಿಮಿಷ ನಮ್ಮ ಸುದ್ದಿ. ಗಾಡಿ ಓಡಿಸೋದು ಮಮತಾಕ್ಕ. ನಮ್ಮ ಪೆನ್‌ಡ್ರೈವ್ ಹಾಕಿ, ತಿರುವು ತಿರುವಲ್ಲೂ ನಿಲ್ಲಿಸಿ ಕೇಳಿಸ್ತಾರೆ.

"ಕಸ ಕೊಡಾಕೆ ಬರ್ದಿದ್ದೋರೂ ಸುದ್ದಿ ಕೇಳಾಕೆ ಬತ್ತಾವ್ರೆ ಕಣವ್ವ" ಅಂದ್ರು ಹೋದ ವಾರ. ಇಡೀ ವರ್ಷಕ್ಕೆ ನಮಗೆ ಸಿಕ್ಕ ಹೊಗಳಿಕೆ ಅದೊಂದೇ.

ಫೆಬ್ರವರಿ 6, ಗುರುವಾರ

ಕೊನೆಗೂ ಒಂದು ಸುದ್ದಿ ಅನ್ನೋ ಸುದ್ದಿ. ಮಾವಿನದೊಡ್ಡಿ ಫಿಲ್ಟರ್ ನೀರಿನ ಘಟಕ ಸಂಕ್ರಾಂತಿಯಿಂದ ಬಂದ್. ಬಾಗಿಲಿಗೆ ಬೀಗ, ಬೀಗಕ್ಕೆ ಜೇಡರ ಬಲೆ. ಪಕ್ಕದೂರಿಂದ ಕ್ಯಾನ್ ಹೊತ್ತು ಬರ್ತಿದ್ದ ಚಿಕ್ಕಲಕ್ಷ್ಮಮ್ಮ ಅನ್ನೋ ಅಜ್ಜಿ ರಸ್ತೇಲೇ ಸಿಕ್ಕರು. "ಬೋರ್ ನೀರಲ್ಲಿ ಬೇಳೆ ಬೇಯಾಕಿಲ್ಲ. ಎಷ್ಟು ಸೌದೆ ಉರಿಸಿದ್ರೂ ಹಂಗೇ ಕುಂತಿರ್ತವೆ, ನಮ್ ಮೆಂಬರ್ ಇದ್ದಂಗೆ."

ಜಯಕುಮಾರ್ ಸರ್ ಮೊದಲ ಕ್ಲಾಸಲ್ಲೇ ಬೋರ್ಡ್ ಮೇಲೆ ಬರೆದ ಪ್ರಶ್ನೆ — 'ಕೇಳಿದ್ರಾ?' ಸುದ್ದಿಯಿಂದ ಯಾರಿಗೆ ಬಿಸಿ ತಟ್ಟುತ್ತೋ ಅವರನ್ನ ಕೇಳದೆ ಏನೂ ಹೊರಗೆ ಹೋಗಬಾರದು. ಕೇಳಿದ್ವಿ. ಮುಬಶ್ಶಿರಾ ರೆಕಾರ್ಡಿಂಗ್ ಅಜ್ಜಿಗೇ ಕೇಳಿಸಿ, "ಹಾಕ್ಲಾ ಅಜ್ಜಿ?" ಅಂದಳು.

"ಹಾಕ್ರವ್ವ. ನಾನೇನ್ ಸುಳ್ಳು ಹೇಳಿವ್ನಾ?"

ಪಂಚಾಯ್ತಿ ಪಿಡಿಒನ್ನೂ ಕೇಳಿದ್ವಿ. ಮೋಟಾರ್ ರಿಪೇರಿಗೆ ಹೋಗಿದೆ ಅಂದ್ರು. ಯಾವತ್ತು ಬರುತ್ತೆ ಅಂದ್ರೆ ಫೋನ್ ಬಂದವರ ಥರ ಎದ್ದು ಹೋದ್ರು.

ಫೆಬ್ರವರಿ 10, ಸೋಮವಾರ

ಸರ್ ನೀರಿನ ಸುದ್ದಿ ತೆಗೆಸಿದ್ರು!! ಪಿಡಿಒ ಫೋನ್ ಮಾಡಿದಾರೆ — ನಮ್ಮ ಗಾಡೀಲಿ ನಮ್ಮ ಮೇಲೇ ಸುದ್ದಿನಾ ಅಂತ. "ಗಾಡಿ ಅವರದು ನಯನಾ, ಒಸಿ ತಡ್ಕೋ" ಅಂತಾರೆ ಸರ್. ಆ ಜಾಗಕ್ಕೆ ಕಬ್ಬಾಳು ಬಸ್ ಟೈಮಿಂಗ್ಸ್ ಹಾಕಬೇಕಂತೆ. ಪಾಠ ಮಾಡೋವಾಗ ಹುಲಿ, ಫೋನ್ ಬಂದ್ರೆ ಇಲಿ. ಮೈಯೆಲ್ಲಾ ಉರಿದುಹೋಯ್ತು.

ಕಂಪ್ಯೂಟರಲ್ಲಿ ಎರಡೂ ಫೈಲ್ ಇತ್ತು. ನೀರಿನ ಸುದ್ದಿ ಇರೋದನ್ನೇ ಪೆನ್‌ಡ್ರೈವ್‌ಗೆ ಹಾಕು ಅಂದೆ. ನಟರಾಜು ಮುಬಶ್ಶಿರಾ ಮುಖ ನೋಡಿದ. ಅವಳು ಕಿಟಕಿ ನೋಡಿದಳು. "ಬೈದ್ರೆ ನನ್ನ ಬೈತಾರೆ, ನಾನು ನೋಡ್ಕೋತೀನಿ" ಅಂದೆ.

ಸಂಜೆ ಮಾವಿನದೊಡ್ಡಿಗೇ ಹೋಗಿ ಮಮತಾಕ್ಕನ ಕೈಗೆ ಕೊಟ್ಟೆ. "ಈ ಸಲ ಏನೈತವ್ವ?" ಅಂದ್ರು.

"ಹಾಕಿ ಅಕ್ಕ, ಚೆನ್ನಾಗಿದೆ" ಅಂದೆ. ಬಸ್ ಬಂತು, ಹತ್ತಿದೆ.

ಫೆಬ್ರವರಿ 11, ಮಂಗಳವಾರ

ಹಾಕಿದ್ರು! ಖಾಲಿ ಕ್ಯಾನ್ ಹಿಡ್ಕೊಂಡ ಹೆಂಗಸರು ಕಸದ ಗಾಡಿ ಹಿಂದೇನೇ ಪಂಚಾಯ್ತಿ ಆಫೀಸ್ ತನಕ ನಡೆದ್ರಂತೆ. ಅಜ್ಜಿ ಮುಂದೆ.

ಸರ್ ಅರ್ಧ ಗಂಟೆ ಬೈದ್ರು. ತಲೆ ತಗ್ಗಿಸಿ ನಿಂತಿದ್ದೆ, ನಗು ಕಾಣಬಾರದು ಅಂತ.

ಫೆಬ್ರವರಿ 14, ಶುಕ್ರವಾರ

ಮೋಟಾರ್ ಬಂತು. ನೀರು ಬಂತು. ಪಿಡಿಒ ನಲ್ಲಿ ತಿರುಗಿಸೋ ಫೋಟೋ ಎಲ್ಲಾ ಗ್ರೂಪಲ್ಲೂ. ಅವರೇ ಬಾವಿ ತೋಡಿದ ಹಾಗೆ. ಬೈದಿದ್ದ ಸರ್ ಸ್ಟೇಟಸ್ ಹಾಕಿದಾರೆ — 'ನಮ್ಮ ವಿದ್ಯಾರ್ಥಿಗಳ ವರದಿಯ ಫಲ'. ಗಾಳಿ ಬಂದಾಗ ತೂರಿಕೋ ಅಂದ್ರೆ ಇದೇ.

ಫೆಬ್ರವರಿ 18, ಮಂಗಳವಾರ

ಗಾಡೀಲಿ ಬೇರೆ ಡ್ರೈವರ್. ಸ್ವಾಮಿ ಅಂತೆ. ಪೆನ್‌ಡ್ರೈವ್ ಚಾಚಿದ್ರೆ ಕೈ ಹಿಂದಕ್ಕೆ ಎಳ್ಕೊಂಡ. "ಹಾಡು ಮಾತ್ರ ಹಾಕು ಅಂದವ್ರೆ ಮೇಡಂ. ಸುದ್ದಿಗಿದ್ದಿ ಬ್ಯಾಡವಂತೆ."

"ಮಮತಾಕ್ಕ?"

"ತಗ್ದಾಕವ್ರೆ. ಕೇಳ್ದೆ ಮೈಕಲ್ಲಿ ಏನೇನೋ ಹಾಕುದ್ಲಂತಲ್ಲ."

ಮಾರ್ಚ್ 1, ಶನಿವಾರ

ಇಷ್ಟು ದಿನ ಬರೆಯೋಕೆ ಕೈ ಬರಲಿಲ್ಲ. ಪಿಡಿಒ ಹತ್ರ ಹೋಗಿ ಹೇಳಿದೆ, ತಪ್ಪು ನನ್ನದು, ಮಮತಾಕ್ಕನಿಗೆ ಗೊತ್ತೇ ಇರಲಿಲ್ಲ ಅಂತ. "ಅದು ನಮ್ಮ ಆಡಳಿತದ ವಿಷಯ" ಅಂದ್ರು. ಸರ್‌ಗೆ, ಇದನ್ನೂ ಸುದ್ದಿ ಮಾಡೋಣ ಅಂದೆ. "ಮಾಡೋಣ, ಹಾಕೋದೆಲ್ಲಿ?" ಅಂದ್ರು. ಹಲ್ಲು ಕಚ್ಚಿಕೊಂಡು ಬಂದೆ.

ಇವತ್ತು ಮಮತಾಕ್ಕನ ಹತ್ರ ಹೋದೆ. ಯಾರದೋ ತೋಟದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ತಿದ್ರು, ಕೂಲಿಗೆ. ಲೈಸೆನ್ಸ್ ಬಂದ ದಿನ ಇಡೀ ಬೀದಿಗೆ ಸಿಹಿ ಹಂಚಿದ ಹೆಂಗಸು. ಬೈತಾರೆ ಅಂದ್ಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು.

"ಮೊದಲ್ನೇ ತಿರುವಲ್ಲೇ ಗೊತ್ತಾಯ್ತು ಕಣವ್ವ, ಇದು ತಲೆಗೆ ಬತ್ತದೆ ಅಂತ. ಅಷ್ಟೊತ್ಗೆ ಜನ ಸೇರ್ಬುಟ್ಟಿದ್ರು. ನಿಲ್ಸಾಕೆ ಮನಸ್ ಬರ್ನಿಲ್ಲ."

ಕುಡುಗೋಲು ಕೆಳಗಿಟ್ರು.

"ಕೇಳಿದ್ರೆ ನಾನೇ ಹಾಕ್ತಿದ್ದೆ. ಇನ್ನೂ ಒಸಿ ಜೋರಾಗೇ ಹಾಕ್ತಿದ್ದೆ. ನೀನು ಅಜ್ಜೀನೂ ಕೇಳ್ದೆ, ಪಿಡಿಒನ್ನೂ ಕೇಳ್ದೆ. ಗಾಡಿ ಓಡ್ಸೋಳ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ನಿಲ್ವಾ ನಿಂಗೆ?"

ಅನ್ನಿಸಲಿಲ್ಲ. ನಿಜವಾಗಿ ಅನ್ನಿಸಲಿಲ್ಲ. ಗಾಡಿಗೂ ಅವರಿಗೂ ವ್ಯತ್ಯಾಸ ಇದೆ ಅನ್ನೋದೇ ನನಗೆ ಹೊಳೆದಿರಲಿಲ್ಲ. ನಾಚಿಕೆ ಆಗ್ತಿದೆ.

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಬರೆದು ಮುಗಿಸಿದೆ. ನೀರು ತರಿಸಿದ ಸುದ್ದಿ ಕೇಳಿಸಿದವರ ಕೆಲಸಾನೇ ಹೋದ ಸುದ್ದಿ. ತಪ್ಪು ಯಾರದು ಅಂತ ನನ್ನ ಹೆಸರೂ ಹಾಕಿದೀನಿ. ಮುಬಶ್ಶಿರಾ ಒಂದೇ ಟೇಕಲ್ಲಿ ಓದಿದಳು. ನಟರಾಜು ಅವನ ಮಾವ ತರಕಾರಿ ಕೂಗೋ ಸ್ಪೀಕರ್ ಬೈಕಿಗೆ ಕಟ್ಟಿಕೊಂಡು, ಟೈಮಿಗೆ ಸರಿಯಾಗಿ ಬಂದಿದಾನೆ. ಸರ್ ಬಾಗಿಲಲ್ಲಿ ನಿಂತು ಎಲ್ಲಾ ನೋಡಿದ್ರು. ಬೇಡ ಅನ್ನಲಿಲ್ಲ.

"ನಡಿಯೇ, ಹೋಗೋಣ" ಅಂತಿದಾನೆ ನಟರಾಜು, ಹಾರನ್ ಹೊಡೀತಾ. ತಾಳೋ ಅಂದೆ. ಮಮತಾಕ್ಕನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸೊಪ್ಪಿನ ತೋಟದಲ್ಲಿರಬೇಕು. ಬೇಡ ಅಂದ್ರೆ ಅಳಿಸಿಬಿಡ್ತೀನಿ, ಇಷ್ಟು ಚೆನ್ನಾಗಿ ಬಂದಿದ್ರೂ. ಕೇಳದೆ ಮಾತ್ರ —

ಅವರೇ ಫೋನ್ ಮಾಡ್ತಿದಾರೆ