ಯಾರೂ ತೊಡದ ಬ್ಯಾಡ್ಜ್

ನವೆಂಬರ್ ೧೪, ಗುರುವಾರ, ಪ್ಲೊವ್‌ದಿವ್

ನಮ್ಮ ಎಕ್ಸ್‌ರೇ ವಿಭಾಗದವರ ವಿಕಿರಣದ ಲೆಕ್ಕ ಈ ಸಲವೂ ಸೊನ್ನೆ. ಬಸುರಿ ರಾಲಿತ್ಸಾ ಖುಷಿಯಿಂದ ಎಲ್ಲರಿಗೂ ಚೀಸ್ ತುಂಬಿದ ಬಾನಿತ್ಸಾ ಹಂಚಿದಳು. ನನ್ನ ತಲೆಯೊಳಗೆ ಮಾತ್ರ ಹುಳ ಕೊರೆಯುತ್ತಿತ್ತು. ದಿನವಿಡೀ ಯಂತ್ರದ ಪಕ್ಕ ನಿಲ್ಲುವವರಿಗೆ ಸೊನ್ನೆ ಹೇಗೆ ಬಂತು?

ವಿಕಿರಣ ಅಳೆಯಲು ಎದೆಗೆ ಸಿಕ್ಕಿಸುವ ನಮ್ಮ ಬ್ಯಾಡ್ಜ್‌ಗಳ ಜೊತೆ ಯಾರೂ ತೊಡದ ಒಂದು ಬರುತ್ತದೆ. ಅದನ್ನು ಯಂತ್ರದಿಂದ ದೂರ ಇಡಬೇಕು. ಅದು ತೋರಿಸಿದ್ದನ್ನು ಎಲ್ಲೆಡೆ ಇರುವ ಸಹಜ ವಿಕಿರಣವೆಂದು ಪ್ರಯೋಗಾಲಯದವರು ನಮ್ಮ ಲೆಕ್ಕದಿಂದ ಕಳೆಯುತ್ತಾರೆ. ಅದೆಲ್ಲಿದೆ ಎಂದು ಹಿರಿಯ ನರ್ಸ್ ಸ್ಟಾಯ್ಕಾಳನ್ನು ಕೇಳಿದೆ.

“ಸಂತ ನಿಕೋಲಾನ ಪಟದ ಕೆಳಗೆ ನೇತುಹಾಕಿದೀನಿ ಕಣೇ. ಅಷ್ಟೆತ್ತರದಲ್ಲಿ ಯಾರ ಕೈಗೂ ಸಿಗಲ್ಲ.”

“ಆ ಗೋಡೆಯಾಚೆಗೇ ಯಂತ್ರ ಇದೆಯಲ್ಲಕ್ಕಾ!”

“ಗೋಡೆಯೊಳಗೆ ಸೀಸದ ತಗಡು ಇಲ್ವೇನೆ? ಬಾಯಿ ಮುಚ್ಕೊಂಡು ತಿನ್ನು.”

ತಗಡು ಇದೆ, ಆದರೆ ಆಳೆತ್ತರದವರೆಗೆ ಮಾತ್ರ. ಸಂತ ಇರುವುದು ಅದಕ್ಕೂ ಮೇಲೆ. ಕುರ್ಚಿ ಹತ್ತಿ ಬ್ಯಾಡ್ಜ್ ಇಳಿಸಿದೆ. ನಮ್ಮೆಲ್ಲರಿಗಿಂತ ಹೆಚ್ಚು ವಿಕಿರಣ ಉಂಡಿರುವುದು ಅದೇ ಇರಬೇಕು. ಹಾಗಾದರೆ ನಮ್ಮ ನಿಜವಾದ ಅಂಕಿ ಎಷ್ಟು? ಕಳೆಯುವ ಮುಂಚಿನ ಲೆಕ್ಕ ಕೊಡಿ ಎಂದು ನಾಳೆ ಪ್ರಯೋಗಾಲಯಕ್ಕೆ ಫೋನ್ ಮಾಡಬೇಕು. ಅದಕ್ಕೂ ಮೊದಲು ರಾಲಿತ್ಸಾಗೆ ಹೇಳಬೇಕು. ಬೆಳಿಗ್ಗೆ ಅವಳು ಆ ಸೊನ್ನೆಯನ್ನು ಹೊಟ್ಟೆ ಸವರಿಕೊಳ್ಳುತ್ತಾ ಮಗುವಿಗೆ ಓದಿ ಹೇಳುತ್ತಿದ್ದಳು.